ಬೇವಿನ ಸಿಂಬೆ ಕಟ್ಟಿದ ಬಾಗಿಲು

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ನನ್ನೊಳಗೆ ತಾನೇ ಬೆಳೆದದ್ದು ಎಂಬುದು ನನಗೆ ಖಚಿತವಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಓದಿದ್ದು ತರ್ಕಶಾಸ್ತ್ರ, ಕಲಿಸಿದ್ದೂ ಅದನ್ನೇ. ಸಾಕ್ಷಿಯಿಲ್ಲದ ಮಾತನ್ನು ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತಲೇ ನಿವೃತ್ತನಾದವನು. ಈ ಸಂಗತಿಗೆ ಈಗ ಉಳಿದಿರುವ ಸಾಕ್ಷಿ ನಾನೊಬ್ಬನೇ, ಮತ್ತು ಆ ಸಾಕ್ಷಿಯ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ.

ಹೋದ ಡಿಸೆಂಬರಿನಲ್ಲಿ ಧಾರವಾಡದ ನಮ್ಮ ಪಕ್ಕದ ಮನೆಗೆ ಹೊಸದಾಗಿ ಮದುವೆಯಾದ ಇಬ್ಬರು ಬಾಡಿಗೆಗೆ ಬಂದರು. ಒಂದು ಬೆಳಿಗ್ಗೆ ಅವರ ಪೇಪರು ನಮ್ಮ ಅಂಗಳದಲ್ಲಿ ಬಿದ್ದಿತ್ತು. ಕೊಟ್ಟು ಬರೋಣವೆಂದು ಹೋದೆ. ಬಾಗಿಲ ಮೇಲೆ ಹಸಿರೆಲೆಗಳನ್ನು ಹೆಣೆದು ದುಂಡಗೆ ಸುತ್ತಿದ ಸಿಂಬೆಯೊಂದು ತೂಗುತ್ತಿತ್ತು, ಕೆಳಗೊಂದು ಕೆಂಪು ರಿಬ್ಬನ್ನು. ಗಂಟೆ ಒತ್ತಲು ಎತ್ತಿದ ಕೈ ಅಲ್ಲೇ ನಿಂತಿತು. ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯಿತು. ಬುದ್ಧಿಗೆ ಗೊತ್ತಾಗುವ ಮೊದಲೇ ಮೈಗೆ ಗೊತ್ತಾಗಿತ್ತು.

ಆ ಹುಡುಗಿಯೇ ಬಾಗಿಲು ತೆರೆದಳು. "ಯಾಕ್ ಅಂಕಲ್, ಅಲ್ಲೇ ನಿಂತ್ರಿ? ಒಳಗ ಬರ್ರಿ." ಒಳಗೆ ಕ್ರಿಸ್ಮಸ್ ಗಿಡ, ಬಣ್ಣ ಮಾಸಿದಂತೆ ಕಾಣುವ ಗಾಜಿನ ಗುಂಡುಗಳು, ಮೇಣದಬತ್ತಿ ಸಿಕ್ಕಿಸುವ ತಗಡಿನ ಪುಟ್ಟ ಬಟ್ಟಲುಗಳು, ಅಂಚು ಹಳದಿಯಾದ ಕಾಗದದ ನಕ್ಷತ್ರ. ಎಲ್ಲ ವಿಂಟೇಜ್ ಸ್ಟೈಲ್ ಎಂದು ಹೆಮ್ಮೆಯಿಂದ ತೋರಿಸಿದಳು. "ಹೊಸಾವ ಅಂಕಲ್. ಹಳೇವು ಇದ್ದಂಗ ಕಾಣೂವಂಗ ಮಾಡಿರ್ತಾರ." ಚಹಾ ಕುಡಿದೆ, ಚೆಂದ ಅಂದೆ, ಮನೆಗೆ ಬಂದೆ. ಬಂದ ಮೇಲೂ ಬೆರಳಿಗೆ ಬೇವಿನ ವಾಸನೆ ಹತ್ತಿದಂತಿತ್ತು. ಆ ಎಲೆಗಳು ಪ್ಲಾಸ್ಟಿಕ್ಕಿನವು. ಅವನ್ನು ನಾನು ಮುಟ್ಟಿಯೂ ಇರಲಿಲ್ಲ...

ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ನಮ್ಮದು ನೇಕಾರರ ಓಣಿ. ಹೊಲಿಗೆ ಅಕ್ಕೋರು ನಮ್ಮ ಎದುರು ಮನೆಗೆ ಬಾಡಿಗೆಗೆ ಬಂದದ್ದು ಏಕೀಕರಣದ ಹಿಂದಿನ ವರ್ಷವೋ, ಅದಕ್ಕೂ ಹಿಂದಿನ ವರ್ಷವೋ. ಅಲ್ಲಿಯವರೆಗೆ ಅವರು ಇದ್ದದ್ದು ಮಿಶನ್ ಕಂಪೌಂಡಿನ ಒಳಗೇ. ದೊಡ್ಡ ಬರದ ಕಾಲದಲ್ಲಿ ಯಾರೋ ತಂದು ಮಿಶನ್ನಿನವರ ಕೈಗೆ ಕೊಟ್ಟ ಕೂಸು ಅವರು. ಅಲ್ಲಿಯ ಅನಾಥಾಲಯದಲ್ಲಿ ಬೆಳೆದು, ಅಲ್ಲಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ, ಅಲ್ಲೇ ಮದುವೆಯಾಗಿ, ಅಲ್ಲೇ ಗಂಡನನ್ನು ಕಳೆದುಕೊಂಡಿದ್ದರು. ಕೆಲಸ ಮುಗಿದ ಮೇಲೆ ಕಂಪೌಂಡಿನ ಮನೆ ಬಿಡಬೇಕಾಯಿತು. ನಮ್ಮ ಓಣಿಯ ಹೆಂಗಸರಿಗೆ ಅವರು ಕ್ರಿಶ್ಚಿಯನ್ನರು ಎಂಬುದಕ್ಕಿಂತ ಕುಪ್ಪಸ ಚೆನ್ನಾಗಿ ಹೊಲಿಯುತ್ತಾರೆ ಎಂಬುದು ದೊಡ್ಡದಾಗಿತ್ತು. ಎಲ್ಲರಿಗೂ ಅವರು ಅಕ್ಕೋರು.

ಅವರಿಗೆ ಒಬ್ಬಳೇ ಮಗಳು. ಲಕ್ಷ್ಮೇಶ್ವರ ಇನ್ನೂ ಸಂಸ್ಥಾನದಲ್ಲಿದ್ದಾಗ ಅಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಕಲಿಸಲು ಹೋಗಿ, ಅಲ್ಲಿಯ ಕಾಳಿನ ವ್ಯಾಪಾರಿಯೊಬ್ಬರ ಮಗನನ್ನು ಮದುವೆಯಾಗಿದ್ದಳು. ಇತ್ತ ಇವರಿಗೆ ಅವನು ಬೇಡ, ಅತ್ತ ಅವರಿಗೆ ಇವಳು ಬೇಡ. ಮದುವೆಯಾದ ಮೇಲೆ ಗಂಡನೊಡನೆ ತಾಯಿಯ ಆಶೀರ್ವಾದ ಕೇಳಲು ಬಂದವಳನ್ನು ಅಕ್ಕೋರು ಹೊಸ್ತಿಲ ಆಚೆಯೇ ನಿಲ್ಲಿಸಿದರು. "ನನ್ನ ಬಾಗಲಾ ತುಳೀಬ್ಯಾಡ. ನಾ ಸತ್ತರೂ ತುಳೀಬ್ಯಾಡ" ಎಂದು ಬಾಗಿಲು ಹಾಕಿಕೊಂಡರು. ಇದನ್ನು ಅವರೇ ನನ್ನ ಅವ್ವನ ಮುಂದೆ ಹೇಳಿದ್ದು, ಕುಪ್ಪಸಕ್ಕೆ ಕಾಜ ಹಾಕುತ್ತ, ತಲೆ ಎತ್ತದೆ. ನಾನು ಕೇಳಿಸಿಕೊಂಡೆನೋ, ಅವ್ವ ಆಮೇಲೆ ನನಗೆ ಹೇಳಿದಳೋ... ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು, ಲಕ್ಷ್ಮೇಶ್ವರವೂ ನಾವೂ ಒಂದೇ ಜಿಲ್ಲೆಯವರಾದೆವು. ಅರ್ಧ ದಿನದ ಆ ದಾರಿಯನ್ನು ತಾಯಿಯೂ ದಾಟಲಿಲ್ಲ, ಮಗಳೂ ದಾಟಲಿಲ್ಲ.

ಏಕೀಕರಣಕ್ಕೆ ಹಿಂದಿನ ಆ ಚಳಿಗಾಲ ನಾನು ಕಾಲೇಜಿನ ರಜೆಗೆ ಊರಿಗೆ ಬಂದಾಗ ಅಕ್ಕೋರು ಬೇರೆಯೇ ಮನುಷ್ಯರಾಗಿದ್ದರು. ಲಕ್ಷ್ಮೇಶ್ವರದಿಂದ ಮೆಣಸಿನಕಾಯಿ ತಂದು ಮಾರುವ ಹೆಂಗಸೊಬ್ಬಳು ಸುದ್ದಿ ತಂದಿದ್ದಳು. ಮಗಳಿಗೆ ಇಷ್ಟು ವರ್ಷದ ಮೇಲೆ ಗಂಡುಮಗು ಹುಟ್ಟಿದೆ. ಕ್ರಿಸ್ಮಸ್ ದಿನ ಮಧ್ಯಾಹ್ನದ ಬಸ್ಸಿಗೆ ಕೂಸನ್ನು ತೋರಿಸಲು ಬರುತ್ತಾಳಂತೆ. ಅವ್ವ ಕರೆದರೆ ಒಳಗೆ ಬರುತ್ತೇನೆ, ಇಲ್ಲವೆಂದರೆ ಓಣಿಯ ತುದಿಯಿಂದಲೇ ಹೊರಳಿ ಹೋಗುತ್ತೇನೆ ಎಂದು ಹೇಳಿ ಕಳಿಸಿದ್ದಳು. ಅದಕ್ಕೆ ಅಕ್ಕೋರು ಕಳಿಸಿದ ಉತ್ತರ ಇಷ್ಟೇ: "ಬಾಗಲಾ ನೋಡು ಅಂತ ಹೇಳು ಅಕಿಗೆ. ಬಾಗಲಾ ನೋಡಿದ್ರ ತಿಳೀತೈತಿ."

ನನ್ನ ಅವ್ವ ಗದರಿಸಿದಳು. "ಸುಮ್ಮನ ನೀವ ಹೋಗಿ ಬಸ್ಸಿನ ಹತ್ರ ನಿಂತು ಕೈ ಹಿಡದು ಕರಕೊಂಡ ಬರ್ರಿ ಅಕ್ಕೋರ."

"ನಿಂದರ್ತಿದ್ದೆ ತಂಗಿ," ಅಂದರು ಅಕ್ಕೋರು. "ಖರೆ ಅಕಿ ಮಾರಿ ನೋಡಿದ ಕೂಡಲೆ ನನ್ನ ಬಾಯಾಗ ಮತ್ತ ಏನರ ಬಂದೀತು ಅಂತ ಅಂಜಿಕಿ. ಬಾಯಿಲೆ ಹೇಳಾಕ ಬರೂದಿಲ್ಲ ನನಗ. ಕೈಲೆ ಅಷ್ಟ ಬರ್ತೈತಿ."

ಕೈಯಿಂದ ಅವರು ಮಾಡಲು ಹೊರಟದ್ದು ತಮ್ಮ ಬಾಲ್ಯದ ಒಂದು ಪಡಸಾಲೆಯನ್ನು. ಮಿಶನ್ನಿನ ಜರ್ಮನ್ ದೊರೆಸಾನಿಯ ಮನೆಯ ಪಡಸಾಲೆ ಅದು. ವರ್ಷಕ್ಕೊಂದು ಸಲ, ಹಬ್ಬದ ದಿನ, ಅನಾಥಾಲಯದ ಮಕ್ಕಳನ್ನು ಅದರ ಒಳಗೆ ಬಿಡುತ್ತಿದ್ದರಂತೆ. ಮೊದಲ ಮಹಾಯುದ್ಧದಲ್ಲಿ ಸರಕಾರ ಜರ್ಮನ್ನರನ್ನೆಲ್ಲ ಹಿಡಿದು ಕಳಿಸಿದಾಗ ಆ ಪಡಸಾಲೆಯೂ ಹೋಯಿತು, ಆ ಬಗೆಯ ಹಬ್ಬವೂ ಹೋಯಿತು. ಆಮೇಲೆ ಬಂದವರು ಕಾಗದದ ಸರ ಕಟ್ಟಿ ಸುಮ್ಮನಾದರು. ಮಗಳು ಹುಟ್ಟಿದ್ದೇ ಅದೆಲ್ಲ ಮುಗಿದ ಎಷ್ಟೋ ವರ್ಷಕ್ಕೆ, ಆಕೆ ಅದನ್ನು ನೋಡಿರಲಿಲ್ಲ. "ಮನಿ ಅಂದ್ರ ನನಗ ಅದೊಂದ ನೋಡು ತಮ್ಮಾ," ಎಂದು ನನಗೆ ಹೇಳಿದ್ದರು. "ಅಕಿಗೆ ಕೊಡಾಕ ನನ್ನ ಕಡೆ ಬ್ಯಾರೆ ಏನೂ ಇಲ್ಲ. ಆ ಮನ್ಯಾಗ ಅಕಿನ ಕುಂಡ್ರಿಸಬೇಕು."

ಒಂದೊಂದೂ ಆಗ ಇದ್ದಂತೆಯೇ ಆಗಬೇಕಿತ್ತು. ಗಿಡವೆಂದರೆ ಜಾಲಿಯ ಟೊಂಗೆ. ದೊರೆಸಾನಿಗೆ ತಮ್ಮ ದೇಶದ ಗಿಡ ಗದಗಿನಲ್ಲಿ ಸಿಗದೆ ಹೋದದ್ದಕ್ಕೆ ಅದನ್ನೇ ತರಿಸುತ್ತಿದ್ದರಂತೆ. ಬಿಂಕದಕಟ್ಟಿಯ ಕಡೆಯಿಂದ ನಾನೇ ಕಡಿದು ತಂದು ಅಂಗೈ ತುಂಬ ಗೀರಿಸಿಕೊಂಡೆ. ಒಂದೊಂದು ಮುಳ್ಳಿಗೂ ಹಿಂಜಿದ ಹತ್ತಿ ಸಿಕ್ಕಿಸಬೇಕು, ಅದು ಹಿಮ.

"ಅಕ್ಕೋರ, ಗದಗಿನ್ಯಾಗ ಹಿಮ ಎಲ್ಲಿಂದ ಬಂತ್ರಿ?" ಎಂದು ಕೆಣಕಿದೆ.

"ಹತ್ತಿ ಗಿರಣ್ಯಾಗಿಂದ ಬಂತು. ಬಾಯಿ ಮುಚ್ಚಿ ಹಿಂಜು."

"ನಿಮ್ಮ ಸ್ವಾಮಿ ಹಬ್ಬಕ್ಕ ಮುಳ್ಳಿನ ಗಿಡಾನ ಬೇಕಾತೇನ್ರಿ?"

"ಮುಳ್ಳಿದ್ರನ ಹತ್ತಿ ನಿಂದರ್ತೈತೋ. ನಿನ್ನಂಥಾ ನುಣ್ಣನ ತಲಿ ಮ್ಯಾಲೆ ಏನ ನಿಂದರ್ತೈತಿ? ಓದಿದ್ದೂ ಜಾರಿ ಬಿದ್ದೈತಿ."

ಕೋಳಿಮೊಟ್ಟೆಗಳಿಗೆ ಸೂಜಿಯಿಂದ ತೂತು ಮಾಡಿ ಒಳಗಿನದನ್ನು ಊದಿ ತೆಗೆದರು. ಆ ಬರಿ ಚಿಪ್ಪುಗಳಿಗೆ ಓಣಿಯ ನೇಕಾರರು ಕೊಟ್ಟ ಜರಿಯ ತುಂಡುಗಳನ್ನು ಅಂಟಿಸಿ ತೂಗುಹಾಕಿದರು. ನಿಜವಾದ ಗಾಜಿನ ಗುಂಡು ಒಂದೇ ಉಳಿದಿತ್ತು. ದೊರೆಸಾನಿ ಹೋಗುವಾಗ ಕೈಯಲ್ಲಿಟ್ಟು ಹೋದದ್ದು. ಅದು ನೀಲಿ ಎಂದು ನನ್ನ ನೆನಪು. ಅವ್ವ ಕೊನೆಯವರೆಗೂ ಹಸಿರು ಅನ್ನುತ್ತಿದ್ದಳು. ಎಣ್ಣೆಯ ಡಬ್ಬಿ ಕತ್ತರಿಸಿ ಮಾಡಿಸಿದ ತಗಡಿನ ಬಟ್ಟಲುಗಳಲ್ಲಿ ಮೇಣದಬತ್ತಿ. ಕೂಸಿಗೊಂದು ಬಿಳಿ ಅಂಗಿ ಹೊಲಿದು ಗಿಡದ ಬುಡದಲ್ಲಿ ಮಡಿಸಿಟ್ಟರು.

ಹಬ್ಬ ಹತ್ತಿರವಾದಂತೆ ಅವರ ಹಠ ನೋಡುವುದು ಕಷ್ಟವಾಗತೊಡಗಿತು. ತೂಗುಹಾಕಿದ್ದನ್ನು ತೆಗೆದು ಮತ್ತೆ ತೂಗುಹಾಕುವರು. ನಕ್ಷತ್ರ ಕಿಟಕಿಯ ಬಲಕ್ಕಿತ್ತೋ ಎಡಕ್ಕಿತ್ತೋ ನೆನಪಾಗದೆ ಗೋಡೆಗೆ ಹಣೆ ಒತ್ತಿ ನಿಲ್ಲುವರು. ಎಲ್ಲಿದ್ದರೇನು ಅಂದೆ ನಾನು. "ಒಂದು ತಪ್ಪಿದ್ರ ಎಲ್ಲಾ ತಪ್ಪಿದಂಗ," ಅಂದರು. ಬಾಗಿಲಿಗೆ ಏನು ಎಂದು ಕೇಳಿದ್ದಕ್ಕೆ, ಅದು ಹಸಿಯಾಗಿರಬೇಕು, ಹಬ್ಬದ ಮುಂಜಾನೆಯೇ ಮಾಡುತ್ತೇನೆ ಅಂದರು. ನಾನು ಮುಂದೆ ಕೇಳಲಿಲ್ಲ.

ಹಬ್ಬದ ಹಿಂದಿನ ದಿನ ನಾನು ಏಕೀಕರಣದ ಒಂದು ಸಭೆಗೆಂದು ಗೆಳೆಯನ ಜೊತೆ ಮುಂಡರಗಿಗೆ ಹೋದೆ. ಅವನನ್ನು ಕೇಳಿದ್ದರೆ ಅದು ಶಿರಹಟ್ಟಿ ಅನ್ನುತ್ತಿದ್ದ. ಅವನೂ ಈಗಿಲ್ಲ. ಯಾವ ಊರೇ ಆಗಲಿ, ಕನ್ನಡ ಮಾತನಾಡುವವರೆಲ್ಲ ಒಂದೇ ಮನೆಯಲ್ಲಿರಬೇಕೆಂದು ಭಾಷಣ ಕೇಳಿ, ಚಪ್ಪಾಳೆ ತಟ್ಟಿ, ಮರುದಿನ ಹೊತ್ತು ಇಳಿಯುವಾಗ ಓಣಿಗೆ ಬಂದೆ.

ಓಣಿಯಲ್ಲಿ ಮಗ್ಗಗಳು ನಿಂತಿದ್ದವು. ಕಟ್ಟೆಗಳ ಮೇಲೆ ಯಾರೂ ಇರಲಿಲ್ಲ. ನಾನು ನೇರವಾಗಿ ಎದುರು ಮನೆಗೆ ಹೊರಟದ್ದನ್ನು ಕಂಡು ಅವ್ವ ಓಡಿಬಂದು ತೋಳು ಹಿಡಿದಳು.

"ಹೋಗಬ್ಯಾಡ. ಅಮ್ಮ ಬಂದಾಳ ಅವರ ಮನ್ಯಾಗ."

ಅಮ್ಮ ಎಂದರೆ ಸಿಡುಬು. ಹೆಸರು ಹಿಡಿದು ಯಾರೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಬಂದರೆ ಬಾಗಿಲಿಗೆ ಬೇವು ಕಟ್ಟುವುದು, ಅದನ್ನು ಕಂಡವರು ಒಳಗೆ ಕಾಲಿಡದೆ ಹೋಗುವುದು ನಮ್ಮ ಕಡೆ ಕೂಸಿಗೂ ಗೊತ್ತಿದ್ದ ಸಂಗತಿ. ನೋಡಿದೆ. ಅಕ್ಕೋರ ಬಾಗಿಲ ನಟ್ಟನಡುವೆ ಬೇವು. ತೊಂಗಲುಗಳನ್ನು ಹೆಣೆದು, ತಲೆಯ ಮೇಲೆ ಕೊಡ ಇಡುವ ಸಿಂಬೆಯಂತೆ ದುಂಡಗೆ ಸುತ್ತಿ, ಕೆಂಪು ಬಟ್ಟೆಯ ಹೂ ಮಾಡಿ ಕಟ್ಟಿದ್ದರು.

"ನಾ ಮೊನ್ನೆನೂ ಅಲ್ಲೇ ಇದ್ದೆನವಾ. ಅಕ್ಕೋರಿಗೆ ಏನೂ ಇರಲಿಲ್ಲ."

"ಮೊನ್ನೆ ಇರಲಿಲ್ಲ, ಇವತ್ತ ಬಂದಾಳ. ನಿನ್ನ ಕೇಳಿ ಬರ್ತಾಳೇನ ಆಕಿ?" ಅವ್ವ ದನಿ ಇಳಿಸಿದಳು. "ಮ್ಯಾಲೆ ಅಕ್ಕೋರು ಮುಂಜಾನಿಯಿಂದ ಒಗ್ಗರಣಿ ಕೊಡಾಕತ್ತಾರೋ, ಹುಚ್ಚಿ! ಓಣಿ ತುಂಬ ವಾಸನಿ. ಅಮ್ಮ ಇದ್ದ ಮನ್ಯಾಗ ಎಣ್ಣಿ ಇಡತಾರೇನ? ಸಿಟ್ಟಿಗೆದ್ರ ಓಣಿನ ಹೋಗತೈತಿ. ಅದಕ್ಕ ನಾವೆಲ್ಲಾ ಹೊಸ್ತಿಲಕ್ಕ ಮಸರನ್ನ ಇಟ್ಟು ಕೈ ಮುಗದು ಬಂದೀವಿ, ತಣ್ಣಗಿರು ತಾಯಿ ಅಂತ."

"ಮಗಳು ಬಂದ್ಲೇನ?"

ಅವ್ವ ನನ್ನ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಳು. ನಾನು ಕೈ ಬಿಡಿಸಿಕೊಂಡು ಹೋದೆ.

ಒಳಗೆ ಅಕ್ಕೋರು ಬಾಗಿಲಿಗೆ ಎದುರಾಗಿ ಕುರ್ಚಿಯ ಮೇಲೆ ಕುಳಿತಿದ್ದರು. ಒಗೆದು ಇಸ್ತ್ರಿ ಮಾಡಿದ ಬಿಳಿ ಸೀರೆ. ಜಾಲಿಯ ಮೇಲಿನ ಮೇಣದಬತ್ತಿಗಳು ಉರಿದು ಬುಡಕ್ಕೆ ಬಂದಿದ್ದವು. ಕೆಲವು ಆರಿ, ಹತ್ತಿಗೆ ಮಸಿ ಹತ್ತಿತ್ತು. ಇಷ್ಟೊಂದು ಚೆಂದದ ಕೋಣೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಇದು ನೆನಪಿನ ಉತ್ಪ್ರೇಕ್ಷೆಯೂ ಇರಬಹುದು. ಮೇಜಿನ ಮೇಲೆ ಕರ್ಚಿಕಾಯಿಯ ತಾಟು, ಅದರ ಸುತ್ತ ಓಣಿಯವರ ಮನೆಯ ಬಟ್ಟಲುಗಳು.

"ಬಸ್ ತಡಾ ಆಗೇತಿ ಕಾಣಸ್ತೈತಿ," ಅಂದರು. ಆಮೇಲೆ ಮುಖ ಅರಳಿಸಿ ಬಟ್ಟಲುಗಳನ್ನು ತೋರಿಸಿದರು. "ನೋಡಿದಿ? ಹಬ್ಬಕ್ಕಂತ ಎಲ್ಲಾರೂ ಮಸರನ್ನ ಇಟ್ಟ ಹೋಗ್ಯಾರ. ಒಳಗ ಬರಾಕ ನಾಚಿಕಿ. ಹೊಸ್ತಿಲದ ಮ್ಯಾಲ ಇಟ್ಟು ಕೈ ಮುಗದು ಹೋದ್ರು. ನಿಮ್ಮವ್ವನೂ."

ನಾನು ಅವರಿಗೆ ಹೇಗೆ ಹೇಳಿದೆ, ಯಾವ ಶಬ್ದಗಳಲ್ಲಿ ಹೇಳಿದೆ, ನೆನಪಿಲ್ಲ. ಹೇಳಿದ್ದು ನಿಜ. ಮೊದಲು ಅವರಿಗೆ ಅರ್ಥವಾಗಲಿಲ್ಲ.

"ದೊರೆಸಾನಿ ಬಾಗಲಿಗೂ ಬೇವ ಇತ್ತಲ್ಲೋ. ವರ್ಷಾ ಇರತಿತ್ತು. ಹಿಂಗ, ದುಂಡಗ."

"ಅದು ಕಂಪೌಂಡಿನ್ಯಾಗ್ರಿ ಅಕ್ಕೋರ. ಅಲ್ಲೆ ಎಲ್ಲಾರಿಗೂ ಗೊತ್ತಿತ್ತು."

ಅವರು ಬಟ್ಟಲುಗಳ ಕಡೆ ನೋಡಿದರು. ಒಂದೊಂದಾಗಿ ಎಲ್ಲ ಬಟ್ಟಲುಗಳನ್ನೂ ನೋಡಿದರು. ಅಮ್ಮ ಬಂದ ಮನೆಗೆ ಬೇವು ಕಟ್ಟುತ್ತಾರೆಂಬುದು ಅವರಿಗೆ ಗೊತ್ತಿಲ್ಲದ ಮಾತೇನೂ ಅಲ್ಲ. ಆದರೆ ಅದು ಬೇರೆ, ಇದು ಬೇರೆ ಎಂದು ಅವರ ತಲೆಯಲ್ಲಿ ಎಂದೋ ಬೇರೆಬೇರೆ ಗೂಡುಗಳಲ್ಲಿ ಕುಳಿತುಬಿಟ್ಟಿತ್ತು. ಆ ಗೂಡುಗಳ ನಡುವಿನ ಗೋಡೆ ಬಿದ್ದದ್ದನ್ನು ನಾನು ಅವರ ಮುಖದಲ್ಲಿ ಕಂಡೆ. "ಬಾಗಲಾ ನೋಡು ಅಂತ ನಾನ ಹೇಳಿ ಕಳಿಸಿದ್ನೆಲ್ಲೋ," ಅಂದರು, ಬಹಳ ಸಣ್ಣ ದನಿಯಲ್ಲಿ. ಆಮೇಲೆ ಎದ್ದು ಬರಿಗಾಲಲ್ಲಿ ಓಡಿದರು.

ಓಣಿಯ ತುದಿಯಲ್ಲಿ ಟಾಂಗಾಗಳು ನಿಲ್ಲುತ್ತಿದ್ದವು. ಅಲ್ಲಿದ್ದ ಮುದುಕ ಟಾಂಗಾದವನನ್ನು ಕೇಳಿದಾಗ, ಹೌದು, ಕೂಸು ಎತ್ತಿಕೊಂಡಿದ್ದ ಹೆಣ್ಣುಮಗಳು, ಆ ಬಾಯಿಯವರು, ನನ್ನ ಗಾಡಿಯಲ್ಲೇ ಬಂದಿದ್ದರು ಅಂದ. "ಇಲ್ಲೆ ಬಂದ ಕೂಡಲೆ ನಿಲ್ಲಸು ಅಂದ್ರು. ಆ ಬಾಗಲಾನ ಭಾಳೊತ್ತು ನೋಡಿದ್ರು. ನಾನ ಅಂದೆ, ಬ್ಯಾಡ್ರಿ ಬಾಯಿ, ತಾಯಿ ಬಂದ ಮನಿ, ಎಳೀ ಕೂಸು ಐತಿ ಕೈಯಾಗ. ಕೂಸಿನ ಮಾರಿ ಮ್ಯಾಲೆ ಸೆರಗ ಎಳದ್ರು. ಹೊಳ್ಳಸು ಅಂದ್ರು."

"ಅಳತಿದ್ಲೇನೋ?"

"ಅದನ್ನೆಂಗ ಹೇಳ್ಲಿ ಅಕ್ಕೋರ. ಕುದರಿ ನೋಡ್ಲ್ಯೋ, ಅವರ ಮಾರಿ ನೋಡ್ಲ್ಯೋ?"

ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ನಡೆದೇ ಹೋಗುತ್ತೇನೆ ಎಂದು ಹೊರಟವರನ್ನು ನಾನೂ ಆ ಮುದುಕನೂ ಹಿಡಿದು ನಿಲ್ಲಿಸಿದೆವು.

ಮರುದಿನ ಮೊದಲ ಬಸ್ಸಿಗೆ ಅವರೊಡನೆ ನಾನೂ ಲಕ್ಷ್ಮೇಶ್ವರಕ್ಕೆ ಹೋದೆ. ಶಿರಹಟ್ಟಿಯ ಮೇಲೆ ಹೋಗುವ ಬಸ್ಸು ಅದು. ದಾರಿಯುದ್ದಕ್ಕೂ ಅವರು ಗಾಜಿನ ಗುಂಡನ್ನು ಕರವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲೆ ಹಿಡಿದುಕೊಂಡಿದ್ದರು, ಕೂಸಿಗೆಂದು. ಮಗಳ ಮನೆ ಕಾಳಿನ ಪೇಟೆಯಲ್ಲಿತ್ತು. ಕಲ್ಲಿನ ಮೆಟ್ಟಿಲು, ದೊಡ್ಡ ಬಾಗಿಲು, ಮೇಲೊಂದು ಮಾಳಿಗೆ. ನಾವು ಮೆಟ್ಟಿಲಿಗೆ ಕಾಲಿಡುವ ಮೊದಲೇ ಒಳಗಿನಿಂದ ಒಬ್ಬ ವಯಸ್ಸಾದ ಹೆಂಗಸು ಬಂದು ಹೊಸ್ತಿಲಲ್ಲಿ ನಿಂತಳು. ಮಗಳ ಅತ್ತೆ.

"ಅಲ್ಲೇ ನಿಂದರ್ರಿ. ನಿಮ್ಮ ಮನ್ಯಾಗ ಅಮ್ಮ ಬಂದಾಳಂತಲ್ಲ."

"ಬಂದಿಲ್ರಿ. ಅದು ನಮ್ಮ ಹಬ್ಬಕ್ಕ ಕಟ್ಟಿದ್ದು," ಅಂದರು ಅಕ್ಕೋರು.

"ಹಬ್ಬಕ್ಕ ಯಾರರ ಬೇವ ಕಟ್ಟತಾರೇನ್ರಿ?"

ಆಗ ನಾನು ಬಾಯಿ ಹಾಕಿದೆ. "ಯುಗಾದಿಗೆ ಕಟ್ಟೂದಿಲ್ಲೇನ್ರಿ?" ನನ್ನ ತರ್ಕಕ್ಕೆ ಉತ್ತರವಿಲ್ಲ ಎಂದುಕೊಂಡೆ.

"ಯುಗಾದಿ ಚೈತ್ರಕ್ಕ ಬರ್ತೈತೋ ತಮ್ಮಾ. ಇದೇನ ಚೈತ್ರ?"

ಅಕ್ಕೋರು ಕುಪ್ಪಸದ ತೋಳು ಮೇಲೆ ಸರಿಸಿ ಎರಡೂ ಕೈಗಳನ್ನು ಮುಂದೆ ಚಾಚಿದರು. ಆ ಪೇಟೆಯ ನಡುವೆ, ಆ ವಯಸ್ಸಿನಲ್ಲಿ, ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ನೋಡುತ್ತಿರುವಾಗ, ಕೈಗಳನ್ನು ಅತ್ತಿತ್ತ ತಿರುಗಿಸಿ ತೋರಿಸಿದರು. "ನೋಡ್ರಿ. ಒಂದ ಗುಳ್ಳಿ ಐತೇನ ನೋಡ್ರಿ."

"ನಿಮಗಿಲ್ಲ ಅಂದ್ರ ಮನ್ಯಾಗ ಮತ್ಯಾರಿಗೋ ಐತಿ."

"ಮನ್ಯಾಗ ಇರಾಕಿ ನಾ ಒಬ್ಬಾಕೀನ."

ಆ ಹೆಂಗಸು ಕೆಟ್ಟವಳಾಗಿರಲಿಲ್ಲ. ಅವಳ ಕಣ್ಣಲ್ಲೂ ನೀರಿತ್ತು ಎಂದು ನನಗೆ ಅನಿಸಿದೆ. "ಇಷ್ಟ ವರ್ಷಕ್ಕ ಹುಟ್ಟಿದ ಕೂಸ ಐತ್ರಿ ಒಳಗ. ನಿಮ್ಮ ಕಾಲಿಗೆ ಬೀಳತೀನಿ. ತಿಂಗಳೊಪ್ಪತ್ತ ಹೋಗಲಿ, ಬರ್ರಿ. ಕುಂಡ್ರಿಸಿ ಊಟಾ ಹಾಕತೀನಿ. ಈಗ ಹೋಗ್ರಿ." ಬಾಗಿಲು ಹಾಕಿಕೊಂಡಳು.

ಅಕ್ಕೋರು ಬೀದಿಯಲ್ಲೇ ನಿಂತರು. ಮುಖ ಮೇಲೆತ್ತಿ ಮಗಳ ಹೆಸರು ಹಿಡಿದು ಕೂಗಿದರು. ಬಾಯಿಂದ ಹೇಳಲು ಬರುವುದಿಲ್ಲ ಎಂದಿದ್ದವರು ಕೂಗಿ ಕೂಗಿ ಹೇಳಿದರು. "ಕರಿಯಾಕ ಕಟ್ಟಿದ್ದೆ ನನ್ನ ಮಗಳ! ಬರಬ್ಯಾಡ ಅಂತ ಅಲ್ಲ! ನಿನ್ನ ಕರಿಯಾಕ ಕಟ್ಟಿದ್ದೆ!" ಒಳಗೆ ಕೂಸು ಅತ್ತ ಸದ್ದು ಕೇಳಿಸಿತು. ಬೇರೆ ಯಾರದೋ ಮನೆಯ ಕೂಸೂ ಇರಬಹುದು. ಬಾಗಿಲು ತೆರೆಯಲಿಲ್ಲ. ದನಿ ಒಡೆದು ಹೋಗುವವರೆಗೂ ಕೂಗಿದರು. ನಾನು ಅವರ ತೋಳು ಹಿಡಿದು ಬಸ್ಸಿನ ಕಡೆ ನಡೆಸಿದೆ. ಗಾಜಿನ ಗುಂಡು ಹಾಗೇ ಕೈಯಲ್ಲಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಅವರು ಗಾಜಿನ ಗುಂಡನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು.

"ಮ್ಯಾಲಿನ ಕಿಡಕ್ಯಾಗ ನಿಂತಿದ್ಲಲ್ಲ? ನೋಡಿದಿ ಹೌದಿಲ್ಲೋ?"

"ಹೌದ್ರಿ ಅಕ್ಕೋರ," ಅಂದೆ. "ನಿಂತಿದ್ರು."

ಇಲ್ಲಿಗೆ ಬಂದಾಗಲೆಲ್ಲ ನನ್ನ ಬುದ್ಧಿ ಕಾಲೂರುವುದಿಲ್ಲ. ನಾನು ನೋಡಿದ್ದಕ್ಕೆ ಹೌದು ಅಂದೆನೋ, ಹೌದು ಅಂದದ್ದಕ್ಕೆ ಆಮೇಲೆ ನೋಡತೊಡಗಿದೆನೋ? ಈಗ ಕಣ್ಣು ಮುಚ್ಚಿದರೆ ಅವಳು ಅಲ್ಲಿದ್ದಾಳೆ, ಹೆಗಲ ಮೇಲೆ ಕೂಸಿದೆ, ಸರಳು ಹಿಡಿದಿದ್ದಾಳೆ. ಸೀರೆಯ ಬಣ್ಣವನ್ನೂ ಹೇಳಬಲ್ಲೆ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ನನಗೆ ಅನುಮಾನ. ನಿಜವಾಗಿ ಕಂಡದ್ದು ಇಷ್ಟು ಸ್ವಚ್ಛವಾಗಿ ಉಳಿಯುವುದಿಲ್ಲ. ಆ ಮಾಳಿಗೆಗೆ ಕಿಟಕಿಯೇ ಇರಲಿಲ್ಲವೇನೋ ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೇನೆ. ಅಕ್ಕೋರು ಬೇಕೆಂದು ಕಂಡರು, ನಾನು ಬೇಕೆಂದು ಹೌದೆಂದೆ, ಅಷ್ಟೇ ಇರಬಹುದು...

ಅಕ್ಕೋರು ಆ ಹೌದನ್ನು ಹಿಡಿದುಕೊಂಡು ಸ್ವಲ್ಪ ದಿನ ಬದುಕಿದರು. ಬೇವಿನ ಸಿಂಬೆಯನ್ನು ತಾವೇ ಕಿತ್ತು ಹಿತ್ತಲಿಗೆ ಎಸೆದರು. ಒಳಗಿನದನ್ನು ಮಾತ್ರ ಬಿಚ್ಚಲಿಲ್ಲ, ತಿಂಗಳೊಪ್ಪತ್ತು ಹೋದ ಮೇಲೆ ಮಗಳು ಬಂದರೆ ಇರಲಿ ಎಂದು. ಹತ್ತಿಯ ಮೇಲೆ ಧೂಳು ಕೂತಿತು, ಮೊಟ್ಟೆಯ ಚಿಪ್ಪುಗಳನ್ನು ಇಲಿ ಒಡೆಯಿತು. ಮೆಣಸಿನಕಾಯಿಯವಳ ಕೈಯಲ್ಲಿ ಎರಡು ಸಲ ಹೇಳಿ ಕಳಿಸಿದರು. ಉತ್ತರ ಬಂತೋ ಇಲ್ಲವೋ ನಾನು ಅರಿಯೆ, ನಾನು ಕಾಲೇಜಿಗೆ ಹೊರಟುಹೋಗಿದ್ದೆ. ಹೋಳಿ ಹುಣ್ಣಿಮೆಗೆ ಊರಿಗೆ ಬಂದಾಗ ಎದುರು ಮನೆಗೆ ಬೀಗವಿತ್ತು. ಎದೆಯಲ್ಲಿ ಕಫ ಕಟ್ಟಿ ನಾಲ್ಕು ದಿನ ಮಲಗಿದರಂತೆ, ಹೋದರಂತೆ. ಮಗಳು ಮಣ್ಣಿಗೆ ಬಂದಿದ್ದಳೇ ಎಂದು ಅವ್ವನನ್ನು ಕೇಳಿದೆ. ಇಲ್ಲ ಅಂದಳು. ಬಹಳ ವರ್ಷದ ಮೇಲೆ ಇನ್ನೊಮ್ಮೆ ಕೇಳಿದಾಗ, ಯಾರೋ ಸೆರಗು ಮುಚ್ಚಿಕೊಂಡು ದೂರ ನಿಂತಿದ್ದರು ನೋಡು ಅಂದಳು. ಅವ್ವನಿಗೂ ವಯಸ್ಸಾಗಿತ್ತು. ಆ ವರ್ಷದ ಕೊನೆಗೆ ಏಕೀಕರಣವಾಯಿತು. ನಮ್ಮ ಓಣಿಯಲ್ಲೂ ತೋರಣ ಕಟ್ಟಿದರು. ಅವನ್ನು ನೋಡಿ ನಾನೇಕೆ ಒಳಗೆ ಹೋಗಿ ಕುಳಿತೆ ಎಂದು ಅಲ್ಲಿ ಯಾರಿಗೂ ಹೇಳಲಾಗಲಿಲ್ಲ.

ಪಕ್ಕದ ಮನೆಯ ಹುಡುಗಿ ಹಬ್ಬ ಮುಗಿದ ಮೇಲೆ ಎಲ್ಲವನ್ನೂ ಡಬ್ಬಿಯಲ್ಲಿ ತುಂಬಿಟ್ಟಳು, ಮುಂದಿನ ವರ್ಷಕ್ಕೆ. ನನಗೆ ಮುಂದಿನ ವರ್ಷಗಳು ಹೆಚ್ಚಿಲ್ಲ. ಕೇಳಬೇಕಾದವರು ಯಾರೂ ಉಳಿದಿಲ್ಲ. ಆದರೆ ಗೋಡೆಯನ್ನು ಕೇಳಬಹುದಲ್ಲ ಅನಿಸಿತು. ಹೋದ ತಿಂಗಳು ಮೊಮ್ಮಗನ ಜೊತೆ ಲಕ್ಷ್ಮೇಶ್ವರಕ್ಕೆ ಹೋದೆ. ಆ ಮನೆ ಇದೆ. ಕೆಳಗೆ ಗೊಬ್ಬರದ ಅಂಗಡಿ. ಆ ಕುಟುಂಬ ಎಂದೋ ಮಾರಿಕೊಂಡು ಊರು ಬಿಟ್ಟಿದೆ. ಎಲ್ಲಿಗೆ ಎಂದು ಅಂಗಡಿಯವನಿಗೆ ಗೊತ್ತಿಲ್ಲ. ಮೇಲೆ ಹೋಗಿ ನೋಡಲೇ ಅಂದೆ. ವಿಚಿತ್ರವಾಗಿ ನೋಡಿದ, ಬೇಡ ಅನ್ನಲಿಲ್ಲ.

ಚೀಲಗಳ ನಡುವೆ ದಾರಿ ಮಾಡಿಕೊಂಡು ಬೀದಿಯ ಕಡೆಯ ಗೋಡೆಗೆ ಹೋದೆ. ಕಿಟಕಿ ಇದೆ. ಆಮೇಲೆ ಒಡೆದು ಇಟ್ಟದ್ದಲ್ಲ. ಕಲ್ಲಿನ ಚೌಕಟ್ಟು, ಗೋಡೆಯ ಜೊತೆಗೇ ಕಟ್ಟಿದ್ದು, ಕೈಯಾಡಿಸಿ ನೋಡಿದೆ. ಕೆಳಗೆ, ಅಂದು ಅಕ್ಕೋರು ನಿಂತಿದ್ದ ಜಾಗದಲ್ಲೇ, ಮೆಟ್ಟಿಲಿನ ಮುಂದೆ ನಿಂತು ಮುಖ ಮೇಲೆತ್ತಿ ಏನಾದರೂ ಕೂಗು ಎಂದು ಮೊಮ್ಮಗನಿಗೆ ಹೇಳಿ ಕಳಿಸಿದ್ದೆ. ಬೀದಿಯಲ್ಲಿ ಲಾರಿಗಳಿದ್ದವು, ಹಮಾಲರ ಗದ್ದಲವಿತ್ತು. ಅವನು ಅಲ್ಲಿ ಬಂದು ನಿಂತ. "ಅಜ್ಜಾ, ಕಾಣಸ್ತೀನೇನ?" ಎಂದು ಕೂಗಿದ.

ಅವನ ಮುಖ ಪೂರ್ತಿ ಕಾಣಿಸಿತು. ಕೂಗಿದ್ದು ಒಂದಕ್ಷರವೂ ಬಿಡದೆ ಕೇಳಿಸಿತು.